ಅಕ್ಕನನ್ನು ಔರಾದಿಗೆ ಕರೆದೊಯ್ದ ಮನೆಗಾಡಿ

ನಿವೃತ್ತಿಯಾದ ವರ್ಷವೇ ನಾನು ಒಂದು ಹಳೆಯ ಟೆಂಪೊ ಕೊಂಡೆ. ಹನ್ನೆರಡು ಸೀಟಿನದು. ಬಹಳ ವರ್ಷ ಶಾಲೆಯ ಮಕ್ಕಳನ್ನು ಹೊತ್ತು ಓಡಾಡಿದ ಗಾಡಿಯಾದ್ದರಿಂದ ಸೀಟುಗಳ ಬೆನ್ನಿಗೆಲ್ಲ ಪೆನ್ನಿನಲ್ಲಿ ಗೀಚಿದ ಹೂವು, ಬಾಣ, ಟೀಚರುಗಳ ಮುಖಗಳಿದ್ದವು. ಇಂಜಿನ್ ಮಾತ್ರ ಗಟ್ಟಿಯಾಗಿತ್ತು. ಸೀಟುಗಳನ್ನು ಕಿತ್ತು ಒಳಗೆ ಮಲಗಲು ಮಂಚ, ಅಡುಗೆಗೆ ಕಟ್ಟೆ, ನೀರಿಗೊಂದು ಟಾಕಿ, ಮೂಲೆಯಲ್ಲಿ ಬಾಗಿಲಿರುವ ಪುಟ್ಟ ಶೌಚಾಲಯ ಕೂಡಿಸಿ ಓಡಾಡುವ ಮನೆ ಮಾಡಿಕೊಳ್ಳಬೇಕೆನ್ನುವುದು ನನ್ನ ಯೋಚನೆ. ಬೀದರಿನಲ್ಲಿ ಇಂಥದ್ದನ್ನು ಇಟ್ಟುಕೊಂಡವರನ್ನು ನಾನು ಕಂಡಿರಲಿಲ್ಲ. ಮೊಬೈಲಿನ ವಿಡಿಯೊಗಳಲ್ಲಿ ನೋಡಿದ್ದೆ, ಅಷ್ಟೇ.

ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣದ ಟೀಚರ್ ಆಗಿದ್ದವಳು. ಹೆಣ್ಣುಮಕ್ಕಳ ಖೊಖೊ ತಂಡ ಕಟ್ಟಿಕೊಂಡು ಭಾಲ್ಕಿ, ಔರಾದ, ಹುಮನಾಬಾದ ಎಂದು ತಾಲೂಕು ತಾಲೂಕು ತಿರುಗಿದ್ದೇನೆ. ಆ ಹುಡುಗಿಯರು ಬೆಳಿಗ್ಗೆ ಮನೆ ಬಿಟ್ಟರೆ ಸಂಜೆ ಮರಳುವ ತನಕ ಗುಟುಕು ನೀರು ಕುಡಿಯುತ್ತಿರಲಿಲ್ಲ. ಯಾಕೆಂದು ಕೇಳಬೇಕಾಗಿರಲಿಲ್ಲ, ನಾನೂ ಕುಡಿಯುತ್ತಿರಲಿಲ್ಲ. ಆದ್ದರಿಂದ ಗಾಡಿಯ ನಕ್ಷೆ ಬರೆಯಲು ಕುಳಿತಾಗ ನಾನು ಮೊದಲು ಎಳೆದದ್ದು ಆ ಮೂಲೆಯ ಪುಟ್ಟ ಕೋಣೆಯನ್ನೇ.

ನಮ್ಮವರು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಎಷ್ಟು ಗಂಟೆಗೆ ಬಿಡುತ್ತದೆ ಎಂದು ಮೈಕಿನಲ್ಲಿ ಹೇಳಿ ಹೇಳಿ ಅವರ ಮಾತೆಲ್ಲ ಗಡಿಯಾರದ ಮೇಲೆಯೇ ನಿಂತಿತ್ತು. ಅಷ್ಟು ಬಸ್ಸು ಕಳಿಸಿದರೂ ಅವರಿಗೆ ಸ್ವತಃ ಗಾಡಿ ಓಡಿಸಲು ಬರುವುದಿಲ್ಲ. ನನಗೆ ಬರುತ್ತದೆ. ಗಾಡಿಯನ್ನು ಅಂಗಳಕ್ಕೆ ತಂದು ನಿಲ್ಲಿಸಿದ ದಿನ ಅವರು ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಇದು ಎಲ್ಲಿಗಿ ಹೋಗ್ತದ?" ಎಂದರು.

"ನಾವ್ ಹೇಳಿದಲ್ಲಿಗಿ ಹೋಗ್ತದರಿ."

"ಟೈಮು?"

"ನಾವ್ ಹೇಳಿದ ಟೈಮಿಗಿ."

ಅದು ಅವರಿಗೆ ಸರಿಬರಲಿಲ್ಲ. ಆದರೂ ಕಾಗದಪತ್ರ ಬದಲಾಯಿಸುವ ಕೆಲಸವನ್ನು ತಾವೇ ಹೊತ್ತುಕೊಂಡು ಅಚ್ಚುಕಟ್ಟಾಗಿ ಮುಗಿಸಿಕೊಟ್ಟರು.

ಒಳಗಿನ ಕೆಲಸಕ್ಕೆ ಗಾಂಧಿ ಗಂಜ್ ಮಾರುಕಟ್ಟೆಯ ಹತ್ತಿರ ಲಾರಿಗಳ ಬಾಡಿ ಕಟ್ಟುವ ಒಬ್ಬ ಹಿರಿಯ ಉಸ್ತಾದರನ್ನು ಹಿಡಿದೆ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಕಿವಿ ಸ್ವಲ್ಪ ಮಂದ, ಕಣ್ಣು ಮಾತ್ರ ಚುರುಕು. ನನ್ನ ನಕ್ಷೆಯನ್ನು ತೊಡೆಯ ಮೇಲೆ ಹರಡಿಕೊಂಡು ಬಹಳ ಹೊತ್ತು ನೋಡಿದರು.

"ಮೇಡಂ, ಮ್ಯಾಲಿನ ಮಾಡ ತೆಗಿರಿ. ಭಾರ ಎಲ್ಲಾ ಕೆಳಗ ಇರ್ಲಿ."

"ಭಾಂಡೆ ಎಲ್ಲಿ ಇಡ್ಲರಿ ಮತ್ತ?"

"ಭಾಂಡೆ ಇಡ್ರಿ, ಬ್ಯಾಡ ಅನ್ನಂಗಿಲ್ಲ. ಖರೆ ಗಾಡಿ ಓಡ್ತದ ನೋಡ್ರಿ, ಮನಿ ಓಡಂಗಿಲ್ಲ. ಫರಕ್ ಅದ."

ನಾನು ಕೇಳಲಿಲ್ಲ. ಮನೆಯ ಅಡುಗೆಕೋಣೆಯಲ್ಲಿ ಇದ್ದಂತೆಯೇ ಮೇಲೆ ಸಾಲಾಗಿ ಪಾತ್ರೆ, ಡಬ್ಬಿ ಇಡುವ ಬಾಗಿಲಿನ ಮಾಡ ಬೇಕೆಂದೆ. ಅವರು ತಲೆಯಾಡಿಸಿ ಮಾಡಿಕೊಟ್ಟರು.

ಮೊದಲ ಸವಾರಿ ಜನವಾಡದ ತನಕ. ಹೋಗಿ ಚಹಾ ಮಾಡಿಕೊಂಡು ಕುಡಿದು ಬರುವುದು, ಅಷ್ಟೇ ಗುರಿ. ಜನವಾಡ ಇನ್ನೂ ಮುಂದಿರುವಾಗಲೇ ರಸ್ತೆಯಲ್ಲಿ ಒಂದು ಉಬ್ಬು ಬಂತು. ಕಾರಿನ ಲೆಕ್ಕದಲ್ಲಿ ದಾಟಿಸಿದೆ. ಹಿಂದಿನಿಂದ ಇಡೀ ಅಡುಗೆಮನೆ ಕುಸಿದ ಸದ್ದು ಕೇಳಿಸಿತು. ಬದಿಗೆ ನಿಲ್ಲಿಸಿ ನೋಡಿದರೆ ಮಾಡಗಳ ಬಾಗಿಲು ತೆರೆದುಕೊಂಡು ಸ್ಟೀಲಿನ ಡಬ್ಬಿಗಳೆಲ್ಲ ನೆಲದಲ್ಲಿ ಉರುಳಾಡುತ್ತಿದ್ದವು. ಜೋಳದ ಹಿಟ್ಟು ಹಾಸಿಗೆಯ ಮೇಲೆ, ಖಾರದ ಪುಡಿ ಪರದೆಯ ಮೇಲೆ, ಎಣ್ಣೆ ಇಬ್ಬರ ಚಪ್ಪಲಿಯ ಮೇಲೆ. ಸೀನುತ್ತ ಸೀನುತ್ತ ನಾನು ಹಿಟ್ಟು ಗುಡಿಸಿದೆ. ನಮ್ಮವರು ಕೆಳಗಿಳಿದು ಕೈಗಡಿಯಾರ ನೋಡಿ, "ಬೀದರ ಬಿಟ್ಟು ಇಪ್ಪತ್ತು ಮಿನಿಟ್ ಆಯ್ತು," ಎಂದರು.

ಮರುದಿನ ಉಸ್ತಾದರ ಮುಂದೆ ಹೋಗಿ ನಿಂತು, "ಮಾಡ ತೆಗೀರಿ," ಎಂದೆ. ಅವರು ನಗಲಿಲ್ಲ. ಅದು ಅವರ ದೊಡ್ಡತನ. ಭಾರವೆಲ್ಲ ಮಂಚದ ಕೆಳಗೆ ಹೋಯಿತು. ಪ್ರತಿ ಬಾಗಿಲಿಗೂ ಒತ್ತಿದರೆ ಮಾತ್ರ ತೆರೆಯುವ ಚಿಲಕ ಬಂತು. ಗ್ಯಾಸ್ ಸಿಲಿಂಡರಿಗೆ ಕಬ್ಬಿಣದ ಪಟ್ಟಿ ಬಿತ್ತು. ಉಬ್ಬು ಕಂಡರೆ ತುಂಬಿದ ಕೊಡ ಹೊತ್ತವಳ ಹಾಗೆ ನಿಧಾನ ದಾಟುವುದನ್ನು ನಾನು ಕಲಿತೆ.

ಎರಡನೆಯ ಪಾಠ ಭಾಲ್ಕಿಯಲ್ಲಿ ಆಯಿತು. ಪರಿಚಯದವರ ಓಣಿಗೆ ತಿರುಗಿಸುವಾಗ ಎಡಬಲ ಎರಡನ್ನೂ ನೋಡಿದೆ, ಮೇಲೆ ನೋಡುವುದನ್ನು ಮರೆತೆ. ಬೇವಿನ ಕೊಂಬೆ ಚಾವಣಿಯ ಗಾಳಿಕಿಂಡಿಯ ಮುಚ್ಚಳವನ್ನು ಕಿತ್ತುಕೊಂಡು ಹೋಯಿತು. ಆ ಮನೆಯವರು ರೊಟ್ಟಿಯ ಹಿಟ್ಟು ನಾದುವ ಹಳೆಯ ಪರಾತ ಕೊಟ್ಟರು. ಅದನ್ನು ತೂತಿನ ಮೇಲೆ ಬೋರಲು ಹಾಕಿ ಹಗ್ಗದಿಂದ ಬಿಗಿದೆವು. ಹೊಸ ಮುಚ್ಚಳ ಬರುವ ತನಕ ಮೂರು ವಾರ ನಮ್ಮ ಗಾಡಿ ತಲೆಯ ಮೇಲೆ ಪರಾತ ಹೊತ್ತೇ ಓಡಾಡಿತು. ಅಂದಿನಿಂದ ಗಾಡಿಯ ಎತ್ತರವನ್ನು ಸ್ಟೇರಿಂಗಿನ ಮುಂದೆ ಬರೆದು ಅಂಟಿಸಿದ್ದೇನೆ.

ಓಣಿಯ ಹೆಂಗಸರೆಲ್ಲ ಅಂದು ಗಾಡಿ ನೋಡಲು ಬಂದಿದ್ದರು. ರಕ್ತ ತಪಾಸಣೆಯ ಗಾಡಿಯೆಂದು ಕೆಲವರು ಆಗಲೇ ತೋಳು ಮುಂದೆ ಮಾಡಿದ್ದರು. "ಇದರಾಗೇ ಉಣ್ತೀರಿ, ಇದರಾಗೇ ಮಲಗ್ತೀರಿ, ಮನ್ಯಾಗ ಏನ್ ಆಗ್ಯಾದರಿ ಅಕ್ಕೋರ?" ಎಂದು ಒಬ್ಬಾಕೆ ಮರುಕದಿಂದ ಕೇಳಿದಳು. ಅವಳಿಗೆ ಚಹಾ ಮಾಡಿಕೊಟ್ಟೆ.

ವಿಡಿಯೊಗಳಲ್ಲಿ ಯಾರೂ ತೋರಿಸದ ಕೆಲಸ ಇನ್ನೊಂದಿದೆ. ಶೌಚಾಲಯದ ಕೆಳಗೆ ಒಂದು ಡಬ್ಬಿ ಇರುತ್ತದೆ. ಅದು ತುಂಬುತ್ತದೆ. ತುಂಬಿದ್ದನ್ನು ಮನೆಗೆ ತಂದು ಖಾಲಿ ಮಾಡಿ, ಫಿನಾಯಿಲ್ ಹಾಕಿ ತೊಳೆಯಬೇಕು. ಮೊದಲ ಸಲ ಅದನ್ನು ಎಳೆದಾಗ ನಮ್ಮವರು ಅಂಗಳದ ಗೇಟಿನ ಆಚೆ ಹೋಗಿ ನಿಂತರು. "ನಾ ಡ್ಯೂಟ್ಯಾಗ ಎಲ್ಲಾ ಮಾಡೇನಿ. ಇದೊಂದ್ ಆಗಂಗಿಲ್ಲ," ಎಂದರು. ಗಾಡಿ ಬೇಕೆಂದವಳು ನಾನು, ಆದ್ದರಿಂದ ಕೆಲಸವೂ ನನ್ನದೆಂದು ಮೂಗಿಗೆ ಸೆರಗು ಬಿಗಿದುಕೊಂಡೆ. ಮೂರನೆಯ ಸಲಕ್ಕೆ ಸೆರಗೂ ಬೇಕಾಗಲಿಲ್ಲ.

ಇಷ್ಟೆಲ್ಲ ಕಲಿತ ಮೇಲೆ, ಮಾಘ ಮಾಸದಲ್ಲಿ, ಖಟಕ ಚಿಂಚೋಳಿಯಲ್ಲಿರುವ ನನ್ನ ಅಕ್ಕನ ಮನೆಗೆ ಗಾಡಿ ತೆಗೆದುಕೊಂಡು ಹೋದೆ. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಕುರಿ ಸಾಕುವ ಮನೆಗೆ ಕೊಟ್ಟಿದ್ದರು. ಕುರಿಯ ಹಿಂಡು, ಐದಾರು ಎಕರೆ ತೊಗರಿ, ಮೂರು ಬಾಣಂತನ, ಎಲ್ಲವನ್ನೂ ಒಬ್ಬಳೇ ನಿಭಾಯಿಸಿದ ಗಟ್ಟಿ ಹೆಂಗಸು. ಆದರೆ ಆರೇಳು ವರ್ಷಗಳಿಂದ ಅವಳು ಊರು ಬಿಟ್ಟು ಕದಲಿರಲಿಲ್ಲ. ಮದುವೆಗಳಿಗೆ ಬರಲಿಲ್ಲ, ನನ್ನ ನಿವೃತ್ತಿಯ ಊಟಕ್ಕೂ ಬರಲಿಲ್ಲ. ಕೇಳಿದರೆ ಮೊಣಕಾಲಿನ ಮೇಲೆ ಹಾಕುತ್ತಿದ್ದಳು. ಅವಳ ಒಬ್ಬಳೇ ಮಗಳು ಔರಾದಿನಲ್ಲಿ ಆಸ್ಪತ್ರೆಯ ನರ್ಸ್. ಅಲ್ಲಿ ಮನೆ ಕಟ್ಟಿಸಿ ಎರಡು ವರ್ಷವಾಗಿತ್ತು. ತಾಯಿ ಗೃಹಪ್ರವೇಶಕ್ಕೆ ಬರಲಿಲ್ಲವೆಂದು ಅವಳಿಗೆ ಸಿಟ್ಟು. ಫೋನಿನಲ್ಲಿ ಇಬ್ಬರದೂ "ಆರಾಮ?" "ಆರಾಮ" ಎನ್ನುವಷ್ಟಕ್ಕೆ ಇಳಿದಿತ್ತು.

ಅಕ್ಕ ಗಾಡಿಯೊಳಗೆ ಹತ್ತಿ ಮಂಚ ಒತ್ತಿ ನೋಡಿದಳು, ನಲ್ಲಿ ತಿರುಗಿಸಿದಳು. ಆಮೇಲೆ ಮೂಲೆಯ ಬಾಗಿಲಿನ ಮುಂದೆ ನಿಂತಳು.

"ಇದೇನ ತಂಗಿ?"

"ಸಂಡಾಸ, ಅಕ್ಕಾ."

"ಗಾಡ್ಯಾಗ?"

"ಗಾಡ್ಯಾಗೇ."

ಅವಳು ಬಾಗಿಲು ತೆರೆದಳು, ಒಳಗೆ ಹೋದಳು, ಚಿಲಕ ಹಾಕಿಕೊಂಡಳು. ಬಹಳ ಹೊತ್ತು ಹೊರಗೆ ಬರಲಿಲ್ಲ. ನೀರಿನ ಸದ್ದೂ ಇರಲಿಲ್ಲ. ನಾನು ಬಾಗಿಲು ತಟ್ಟಬೇಕೆನ್ನುವಾಗ ತಾನೇ ಬಂದು ಮಂಚದ ತುದಿಗೆ ಕುಳಿತಳು. ನಮ್ಮವರು ಹೊರಗೆ ಭಾವನ ಜೊತೆ ಕುರಿಗಳನ್ನು ನೋಡುತ್ತಿದ್ದರು. ಗಾಡಿಯಲ್ಲಿ ನಾವಿಬ್ಬರೇ.

"ನನ್ನ ಮೊಣಕಾಲಿಗಿ ಏನೂ ಆಗಿಲ್ಲ," ಎಂದಳು ಅಕ್ಕ.

ನಾನು ಅವಳ ಪಕ್ಕ ಹೋಗಿ ಕುಳಿತೆ.

"ಕಡಿ ಕೂಸು ಹುಟ್ಟಿದಾಗಿಂದ ಒಂದಕ್ಕ ತಡಿಯಂಗಿಲ್ಲ ನನಗ. ಕೆಮ್ಮಿದರ ಸೈತ. ವಯಸ್ಸಾದಂಗ ಜಾಸ್ತಿ ಆಯ್ತು. ಭಾಲ್ಕಿಗಿ ಹೋಗೋ ಬಸ್ಸಿನ್ಯಾಗ ಒಮ್ಮಿ..." ಅವಳು ಕೈಯಿಂದ ಸೀರೆಯ ನಿರಿಗೆ ಒತ್ತಿಕೊಂಡಳು. "ಸೀಟು ಒದ್ದಿ ಆಯ್ತು. ಬಾಜೂಕ ಕೂತಾಕಿ ಎದ್ದು ನಿಂತಳು. ಏನೂ ಅನ್ಲಿಲ್ಲ ಪಾಪ. ಎದ್ದು ನಿಂತಳಷ್ಟೇ. ಅವತ್ತಿನಿಂದ ನಾ ಬಸ್ ಹತ್ತಿಲ್ಲ."

ಆರೇಳು ವರ್ಷ. ಊರಿನ ಹುಡುಗಿಯರ ತಂಡವನ್ನೆಲ್ಲ ಅಕ್ಕರೆಯಿಂದ ವಿಚಾರಿಸಿದವಳು ನಾನು. ಒಡಹುಟ್ಟಿದವಳನ್ನು ಒಂದು ಮಾತು ಕೇಳಿರಲಿಲ್ಲ. ನಾಚಿಕೆಯಾಯಿತು. ಅದನ್ನು ಹೇಳಹೊರಟೆ. ಅವಳು ಕೈ ಅಡ್ಡ ಮಾಡಿದಳು.

"ಅದೆಲ್ಲಾ ಬಿಡು. ಔರಾದಿಗಿ ಕರ್ಕೊಂಡು ಹೋಗ್ತಿ ಏನು? ನನ್ನ ಮಗಳ ಮನಿ ನೋಡಬೇಕು."

"ನಾಳಿಗೇ ಹೋಗೋಣು."

ಮರುದಿನ ಬೆಳಿಗ್ಗೆ ಭಾಲ್ಕಿ ದಾಟಿ ಬೀದರಿನ ಕಡೆ ಹೊರಟೆವು. ಹಿಂದಿನ ಸಂಜೆ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಿದ್ದು ಗಾಳಿ ತಣ್ಣಗಿತ್ತು. ಅರ್ಧ ಗಂಟೆಗೊಮ್ಮೆ ಅಕ್ಕ, "ತಂಗಿ, ನಿಂದರ್ಸು," ಎನ್ನುತ್ತಿದ್ದಳು. ನಾನು ಬದಿಗೆ ನಿಲ್ಲಿಸುತ್ತಿದ್ದೆ. ಮೊದಲೆರಡು ಸಲ ಅವಳ ದನಿಯಲ್ಲಿ ಅಂಜಿಕೆಯಿತ್ತು. ಬೀದರ ದಾಟುವಷ್ಟರಲ್ಲಿ ಅದು ಹುಕುಂ ಆಗಿತ್ತು. ನಮ್ಮವರು ಅಕ್ಕನ ಮಗಳಿಗೆ ಫೋನ್ ಮಾಡಿ ಹನ್ನೆರಡು ಗಂಟೆಗೆ ಸರಿಯಾಗಿ ಬರುತ್ತೇವೆಂದು ಹೇಳಿಬಿಟ್ಟಿದ್ದರು. ಪ್ರತಿ ನಿಲುಗಡೆಗೂ ಅವರ ಮುಖ ಗಂಟಿಕ್ಕುತ್ತಿತ್ತು. ಯಾಕೆ ನಿಲ್ಲಿಸುತ್ತೇವೆಂದು ಅವರಿಗೆ ಇನ್ನೂ ಗೊತ್ತಿರಲಿಲ್ಲ.

ಮಾಂಜ್ರಾ ನದಿಯ ಸೇತುವೆ ದಾಟಿ ಸ್ವಲ್ಪ ದೂರ ಹೋದ ಮೇಲೆ ಮತ್ತೆ ನಿಲ್ಲಿಸಬೇಕಾಯಿತು. ಹಿಂದೆ ಲಾರಿಗಳ ಸಾಲಿತ್ತು. ರಸ್ತೆಯ ಮಗ್ಗುಲಿನ ಮಣ್ಣು ಮೇಲೆ ಒಣಗಿದ ಹಾಗೆ ಕಂಡಿತು. ಇಳಿಸಿದೆ. ಕಪ್ಪು ಮಣ್ಣಿನ ಗುಣ ಗೊತ್ತಿದ್ದೂ ಇಳಿಸಿದೆ. ಎಡಗಡೆಯ ಎರಡೂ ಗಾಲಿಗಳು ನಿಧಾನಕ್ಕೆ ಕೆಳಗಿಳಿದವು. ಗಾಡಿ ಒಂದು ಮಗ್ಗುಲಿಗೆ ವಾಲಿ ನಿಂತಿತು.

ಆಗಲೇ ಮೂಲೆಯ ಕೋಣೆ ಸೇರಿದ್ದ ಅಕ್ಕನ ದನಿ ಬಂತು: "ಏ ತಂಗಿ! ಗಾಡಿ ಯಾಕ ವಾಲ್ತು? ನಾ ಇನ್ನಾ ಒಳಗೇ ಇದ್ದೇನಿ!"

"ಗಟ್ಟಿ ಹಿಡ್ಕೊಂಡು ಕೂಡು ಅಕ್ಕಾ!"

ನಾನು ಗಾಬರಿಯಲ್ಲಿ ಗಾಡಿಗೆ ವೇಗ ಕೊಟ್ಟೆ. ಗಾಲಿಗಳು ಇದ್ದಲ್ಲಿಯೇ ಗಿರ್ರನೆ ತಿರುಗಿ ಕೆಸರು ಹಾರಿಸಿದವು. ಅಕ್ಕ ಸೀರೆ ಸರಿಮಾಡಿಕೊಳ್ಳುತ್ತ ಹೊರಬಂದು ನನ್ನ ಹೆಗಲು ಹಿಡಿದಳು.

"ಇಂಜನ್ ಬಂದ್ ಮಾಡು. ತಿರುಗಿಸಿದಷ್ಟು ಹೂತ್ಕೊತದ. ನಮ್ಮ ಕುರಿ ಟೆಂಪೊ ಹಿಂಗ ಎಷ್ಟು ಸಲ ಸಿಗಬಿದ್ದದ."

ಕೆಳಗಿಳಿದು ಅವಳು ಗಾಲಿಯ ಸುತ್ತ ಒಂದು ಸಲ ನೋಡಿದಳು. ಮೊಣಕಾಲು ನೋವಿನ ಹೆಂಗಸಲ್ಲ ಅದು. ಹೊಲದಲ್ಲಿ ಗಂಡ ಹೆಂಡತಿ ಇಬ್ಬರು ತೊಗರಿ ಕಟ್ಟಿಗೆ ಕಟ್ಟುತ್ತಿದ್ದರು. ಅಕ್ಕ ಬದುವಿನ ಮೇಲೆ ನಿಂತು ಕೂಗಿದಳು: "ಯಣ್ಣಾ, ನಾಕ್ ಹೊರಿ ಕಟಗಿ ಕೊಡ್ರಿ! ಸಲಿಕಿ ಇದ್ರ ಅದೂ ತರ್ರಿ!"

ಅವರು ಹೊರೆ ಹೊತ್ತು ಬಂದರು. ಗಾಲಿಯ ಮುಂದಿನ ಮಣ್ಣು ತೆಗೆದು ಕಟ್ಟಿಗೆ ತುರುಕುವಾಗ ಆ ಹೊಲದವನು, "ಗಾಡಿ ಭಾಳ ಭಾರ ಅದರಿ ಬಾಯಾರ. ಏನ್ ತುಂಬೀರಿ ಒಳಗ?" ಎಂದು ಕೇಳಿದ.

ತುಂಬಿದ್ದು ನೀರು. ಹೊರಡುವ ಮುಂಚೆ ನಾನೇ ಟಾಕಿಯನ್ನು ಕಂಠಮಟ್ಟ ತುಂಬಿಸಿದ್ದೆ, ದಾರಿಯಲ್ಲಿ ಅಕ್ಕನಿಗೆ ಕಡಿಮೆಯಾಗಬಾರದೆಂದು. ಈಗ ಅದನ್ನು ಬಿಟ್ಟರೆ ಗಾಡಿ ಹಗುರವಾಗುತ್ತದೆ. ಬಿಟ್ಟರೆ ಮೂಲೆಯ ಕೋಣೆಗೆ ನೀರಿಲ್ಲ. ನಾನು ನಲ್ಲಿಯ ಮೇಲೆ ಕೈಯಿಟ್ಟು ಅಕ್ಕನ ಮುಖ ನೋಡಿದೆ.

"ಬಿಡು," ಎಂದಳು. "ಕೊಡದಾಗ ತುಂಬ್ಕೊಂಡು ಹೋಗೋಣು."

ನೀರು ಹೊಲದ ಕಡೆಯ ಕಾಲುವೆಗೆ ಹರಿದು ಹೋಯಿತು. ನಾನು ಸ್ಟೇರಿಂಗ್ ಹಿಡಿದೆ. ನಮ್ಮವರು, ಹೊಲದವರಿಬ್ಬರು, ಮೋಟಾರ್ ಸೈಕಲ್ ನಿಲ್ಲಿಸಿ ಇಳಿದ ಇನ್ನಿಬ್ಬರು ಹಿಂದಿನಿಂದ ನೂಕಿದರು. ಮೊದಲನೆಯ ಗೇರು, ಕಾಲು ಹಗುರ. ಕಟ್ಟಿಗೆ ಲಟಲಟನೆ ಮುರಿಯಿತು. ಗಾಡಿ ಒಮ್ಮೆ ಜಾರಿತು, ಆಮೇಲೆ ಹಿಡಿತ ಸಿಕ್ಕು ಡಾಂಬರಿಗೆ ಏರಿತು. ಕನ್ನಡಿಯಲ್ಲಿ ನೋಡಿದರೆ ನಮ್ಮವರ ಬಿಳಿ ಅಂಗಿ ಎದೆಯ ತನಕ ಕಪ್ಪಾಗಿತ್ತು.

ಅಲ್ಲಿಯೇ ಸ್ಟೋವ್ ಹಚ್ಚಿ ಎಲ್ಲರಿಗೂ ಚಹಾ ಮಾಡಿದೆ. ಅಕ್ಕ ಬುತ್ತಿ ಬಿಚ್ಚಿ ರೊಟ್ಟಿ, ಪುಂಡಿಪಲ್ಯ ಹಂಚಿದಳು. ಹೊಲದ ಬೋರಿನಿಂದ ಎರಡು ಕೊಡ ನೀರು ಸಿಕ್ಕಿತು. ನಮ್ಮವರು ನನ್ನ ಹತ್ತಿರ ಬಂದು ಮೆಲ್ಲಗೆ, "ಅಕ್ಕಾರು ಅಷ್ಟ್ ಸಲ ಯಾಕ ನಿಂದರ್ಸಲಾಕ ಹಚ್ಯಾರ?" ಎಂದರು. ಹೇಳಿದೆ. ಅವರು ಜೇಬಿನಿಂದ ಫೋನ್ ತೆಗೆದು ಅಕ್ಕನ ಮಗಳಿಗೆ, "ಇವತ್ತ ಟೈಮ್ ಏನೂ ಇಲ್ಲವ್ವ. ಬಂದಾಗ ಬರ್ತೇವಿ," ಎಂದರು. ಅವರ ಬಾಯಲ್ಲಿ ಅಂಥ ಮಾತು ನಾನು ಅದುವರೆಗೆ ಕೇಳಿರಲಿಲ್ಲ.

ಔರಾದ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ಓಣಿಯಲ್ಲಿ ಕರೆಂಟಿನ ತಂತಿ ಕೆಳಗಿತ್ತು. ಎತ್ತರದ ಚೀಟಿ ನೋಡಿ ಗಾಡಿಯನ್ನು ಹೊರಗಿನ ಬಯಲಿನಲ್ಲಿಯೇ ನಿಲ್ಲಿಸಿದೆ. ಅಕ್ಕನ ಮಗಳು ಡ್ಯೂಟಿ ಮುಗಿಸಿ ಬಂದವಳು ಅಲ್ಲಿಗೇ ನಡೆದು ಬಂದಳು. ನಮಗೆ ಕೈಮುಗಿದಳು, ನನ್ನನ್ನು ಮಾತನಾಡಿಸಿದಳು. ತಾಯಿಯ ಕಡೆಗೆ ಬಿಗಿಯಾದ ಮುಖದಲ್ಲಿಯೇ, "ಬಂದೆ ಏನು? ಕಡೀಗೂ ದಾರಿ ಗೊತ್ತಾಯ್ತು," ಎಂದಳು.

ಅಕ್ಕ ಮಗಳ ಕೈ ಹಿಡಿದು ಗಾಡಿಯೊಳಗೆ ಹತ್ತಿಸಿಕೊಂಡಳು, ಮೂಲೆಯ ಬಾಗಿಲು ತೆರೆದು ತೋರಿಸಿದಳು.

"ಇದು ಇತ್ತಂತ ಬಂದೇನಿ. ಇಲ್ಲಾಂದ್ರ ಇವತ್ತೂ ಬರ್ತಿದ್ದಿಲ್ಲ."

ಮಗಳು ಬಾಗಿಲಿನತ್ತ ನೋಡಿದಳು, ತಾಯಿಯತ್ತ ನೋಡಿದಳು. ಅವಳು ನರ್ಸ್. ಹೆಚ್ಚು ಹೇಳಬೇಕಾಗಲಿಲ್ಲ.

"ಎಷ್ಟ್ ದಿನದಿಂದ ಅವ್ವಾ?"

"ಕಡಿ ಬಾಣಂತನದಾಗಿಂದ. ಈಗೀಗ ಭಾಳ."

"ನಾ ದಿನಾ ಹೆಂಗಸರಿಗಿ ಇದೇ ಕೇಳ್ತೇನಿ. ದಿನಾ! ಕೆಮ್ಮಿದರ ಹೋಗ್ತದೇನು, ನಕ್ಕರ ಹೋಗ್ತದೇನು ಅಂತ. ನಿನಗ ಒಮ್ಮಿನೂ ಕೇಳ್ಲಿಲ್ಲಲ್ಲ." ಅವಳು ಮಂಚದ ಮೇಲೆ ಕುಳಿತಳು. "ಬರೋದಿಲ್ಲ ಅಂದಾಗ ನೀ ನನ್ನ ಮ್ಯಾಲ ಸಿಟ್ಟಾಗಿದ್ದಿ ಅಂತ ತಿಳ್ಕೊಂಡಿದ್ದೆ."

"ಹುಚ್ಚಿ. ನಿನ್ನ ಹೊಸಾ ಗಾದಿ ಹೊಲಸ ಆಗ್ತದಂತ ಅಂಜಿದ್ದೆ."

ಅತ್ತಿದ್ದು ಮಗಳು. ಅಕ್ಕ ಅವಳ ತಲೆ ಸವರುತ್ತ ಗಾಡಿಯ ಕಿಟಕಿಯಿಂದ ಓಣಿಯ ಮನೆಗಳನ್ನು ನೋಡಿ, "ಯಾವುದು ನಮ್ಮ ಮನಿ? ಆ ಹಸರ ಬಣ್ಣದ್ದಾ?" ಎಂದು ಕೇಳಿದಳು.

ಅಕ್ಕ ಅಲ್ಲಿ ಎಂಟು ದಿನ ಇದ್ದಳು. ಮನೆಯಲ್ಲಿಯೇ ಮಲಗಿದಳು, ಗಾಡಿಯ ಕಡೆ ತಿರುಗಿಯೂ ನೋಡಲಿಲ್ಲ. ನಾವಿಬ್ಬರು ಮೂರನೆಯ ದಿನ ಬೀದರಿಗೆ ಮರಳಿದೆವು. ಕೆಸರು ಮೆತ್ತಿದ ಗಾಡಿಯನ್ನು ಅಂಗಳದಲ್ಲಿ ತೊಳೆಯಲು ಇಡೀ ದಿನ ಬೇಕಾಯಿತು. ನಾನು ಗಾಲಿಗಳ ಹತ್ತಿರ ಕುಳಿತಿದ್ದಾಗ ಹಿಂದುಗಡೆ ಏನೋ ಎಳೆದ ಸದ್ದಾಯಿತು. ಎದ್ದು ನೋಡಿದರೆ ನಮ್ಮವರು ಮೂಗಿಗೆ ಟವೆಲ್ ಸುತ್ತಿಕೊಂಡು ಶೌಚಾಲಯದ ಡಬ್ಬಿಯನ್ನು ಹೊರಗೆ ತೆಗೆಯುತ್ತಿದ್ದರು. ನಾನು ಫಿನಾಯಿಲ್ ಬಾಟಲಿ ಮುಂದಿಟ್ಟೆ.

ಮಗಳು ಅಕ್ಕನನ್ನು ಲೇಡಿ ಡಾಕ್ಟರ ಹತ್ತಿರ ಕರೆದೊಯ್ದಳು. ಡಾಕ್ಟರು ಸ್ವಲ್ಪ ಔಷಧ ಕೊಟ್ಟು, ಸೊಂಟದ ಕೆಳಗಿನ ಸ್ನಾಯು ಬಿಗಿಹಿಡಿದು ಬಿಡುವ ವ್ಯಾಯಾಮ ಹೇಳಿಕೊಟ್ಟರಂತೆ. ವ್ಯಾಯಾಮವೆಂದ ಮೇಲೆ ಅದು ನನ್ನ ಇಲಾಖೆ. ದಿನಾ ಬೆಳಿಗ್ಗೆ ಫೋನಿನಲ್ಲಿ ನಾನು ಎಣಿಸುತ್ತೇನೆ, ಅಕ್ಕ ಮಾಡುತ್ತಾಳೆ. ಮೊದಲ ವಾರ, "ನಾ ಏನ್ ನಿನ್ನ ಖೊಖೊ ಹುಡುಗಿನಾ?" ಎಂದು ಬೈದಳು. ತಪ್ಪಿಸಲು ನಾನು ಬಿಡಲಿಲ್ಲ. ನಾಲ್ಕು ತಿಂಗಳಿಗೆ ಅವಳು ಒಬ್ಬಳೇ ಬಸ್ಸು ಹತ್ತಿ ಭಾಲ್ಕಿಗೆ ಹೋಗಿ ಸಂತೆ ಮಾಡಿ ಬಂದಳು. ಪೂರ್ತಿ ವಾಸಿಯಾಗಿಲ್ಲ. ಭಾಲ್ಕಿಯ ತನಕ ಸಾಗುತ್ತದೆ. ಅದಕ್ಕೂ ಮುಂದೆ ಹೋಗಬೇಕಾದರೆ ನನಗೆ ಫೋನ್ ಬರುತ್ತದೆ.

ಗಾಡಿಯೂ ಅಷ್ಟೇ, ಪೂರ್ತಿ ಪಳಗಿಲ್ಲ. ಬೇಸಿಗೆಯಲ್ಲಿ ಒಳಗೆ ಒಲೆಯಂತಾಗುತ್ತದೆ. ಫ್ಯಾನ್ ಆರಿಸಲು ಮರೆತರೆ ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತದೆ. ನಿಲ್ಲಿಸಲು ಜಾಗ ಸಿಗದೆ ಊರು ಸುತ್ತಿದ್ದೂ ಇದೆ. ಆದರೆ ಯಾವ ಸದ್ದು ಯಾವ ಮೂಲೆಯದು ಎಂದು ಈಗ ನನಗೆ ಗೊತ್ತು. ರೇಡಿಯೇಟರಿಗೆ ನೀರು, ಟಯರಿಗೆ ಗಾಳಿ, ಚಾವಣಿಯ ಸಂದಿ ಸೋರದಂತೆ ಮೆತ್ತುವ ಲಪ್ಪ, ಎಲ್ಲ ನನ್ನ ಕೈಯಿಂದಲೇ ಆಗುತ್ತದೆ. ಆಗದ್ದಕ್ಕೆ ಉಸ್ತಾದರಿದ್ದಾರೆ.

ಕಳೆದ ಚಳಿಗಾಲದಲ್ಲಿ ಅಕ್ಕ ಫೋನ್ ಮಾಡಿ, "ನಮ್ಮ ಓಣಿ ನಾಕ್ ಮಂದಿ ಹೆಂಗಸರು ಬರ್ತಾರಂತ. ಔರಾದಿನ್ಯಾಗ ಒಂದು ಸೀಮಂತ ಅದ. ಇವರಿಗೂ ನನ್ನಂಗೇ," ಎಂದಳು. ಕಡೆಯ ಮಾತನ್ನು ದನಿ ತಗ್ಗಿಸದೆ ಹೇಳಿದಳು. ಹಿಂದೆ ಯಾರೋ ನಕ್ಕಿದ್ದು ಕೇಳಿಸಿತು.

ಆ ವಾರ ಗಾಡಿಯ ಕ್ಲಚ್ ಪ್ಲೇಟು ಉಸ್ತಾದರ ಮುಂದೆ ಬಿಚ್ಚಿಕೊಂಡು ಬಿದ್ದಿತ್ತು. ಗುರುವಾರದ ಒಳಗೆ ಬೇಕೆಂದು ಹೇಳಿ ಅವರ ಪಕ್ಕ ಸ್ಟೂಲು ಹಾಕಿಕೊಂಡು ಕುಳಿತೆ. ಬುಧವಾರ ಸಂಜೆ ಕೊಟ್ಟರು. ಶುಕ್ರವಾರ ಬೆಳಿಗ್ಗೆ ಖಟಕ ಚಿಂಚೋಳಿಯಲ್ಲಿ ಐದು ಜನ ಹೆಂಗಸರು ಹೊಸ ಸೀರೆ ಉಟ್ಟು, ಮಡಿಲಲ್ಲಿ ಸೀಮಂತದ ಸೀರೆ, ಕುಬಸದ ಬುಟ್ಟಿ ಇಟ್ಟುಕೊಂಡು ಗಾಡಿಯೊಳಗೆ ಕುಳಿತರು. ಹೊರಡುವ ಮೊದಲು ಅಕ್ಕ ತಂಬಿಗೆ ತುಂಬ ನೀರು ತುಂಬಿ ಎಲ್ಲರಿಗೂ ಒಂದೊಂದು ಲೋಟ ಕೊಟ್ಟಳು. ಅಂಜದೆ ಪೂರ್ತಿ ಕುಡಿಯಿರಿ ಎಂದಳು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಕುಡಿದರು. ನಾನು ಗಾಡಿ ಚಾಲು ಮಾಡಿದೆ.